ಒಂದು ನಂಬರಿನ ಮನೆ

ಬೆಳಗಿನ ಒಂಬತ್ತೂವರೆಗೆ ಮೆದೆರ್‌ನ ಕೈಗಳು ತಣ್ಣಗಾದವು. ಹೊರಗೆ ಬಿಷ್ಕೆಕ್‌ನಲ್ಲಿ ಬೇಸಿಗೆ ಕಾಲಿಟ್ಟಿತ್ತು. ಪಾಪ್ಲರ್ ಮರಗಳ ಹತ್ತಿ ಬೀದಿಯ ತುಂಬ ತೇಲುತ್ತ ಕಿಟಕಿಯಿಂದ ಒಳಗೆ ಬಂದು ಕೀಬೋರ್ಡಿನ ಸಂದುಗಳಲ್ಲಿ ಕೂರುತ್ತಿತ್ತು; ಕೆಳಗಿನ ಮಹಡಿಯ ಹೊಲಿಗೆ ಯಂತ್ರಗಳು ನಿನ್ನೆಯ ಹಾಗೇ ಕಡಕಡ ಎನ್ನುತ್ತಿದ್ದವು; ಎದುರಿನ ಮೇಜಿನಲ್ಲಿ ಬುರುಲ್ ಎಜೆ, ಎಲ್ಲರಿಗೂ ಬುರುಲಕ್ಕ, ನಿನ್ನೆಯ ಹಾಗೇ ಚಹಾದಲ್ಲಿ ಬ್ರೆಡ್ಡು ಅದ್ದಿ ತಿನ್ನುತ್ತಿದ್ದಳು. ಅವಳು ಫೋನಿನ ಬಾಯಿಗೆ ಅಂಗೈ ಮುಚ್ಚಿ ಹೇಳಿದ ಮಾತೂ ತಮಾಷೆಯದೇ. "ಮೆದೆರ್, ಟೋಕ್‌ಮೊಕ್‌ನಿಂದ ಒಬ್ಳು ಹೆಂಗಸು ಕಣೋ. ಅವಳ ಆರು ವರ್ಷದ ಮಗೂದೂ ಎಪ್ಪತ್ತು ವರ್ಷದ ತಾಯಿದೂ ರಕ್ತ ಒಂದೇ ಥರ ಬಂದಿದೆಯಂತೆ. ದಶಮಾಂಶ ಸಮೇತ. ನಮ್ಮಮ್ಮ ಇಷ್ಟು ಗಟ್ಟಿ ಅಂತ ಗೊತ್ತೇ ಇರ್ಲಿಲ್ಲ ಅಂತ ನಗ್ತಿದ್ದಾಳೆ." ಎಜೆಯೂ ನಕ್ಕಳು. ಮೆದೆರ್ ನಗಲಿಲ್ಲ. ಕೇಳಿದ ಕ್ಷಣದಲ್ಲೇ ಅವನಿಗೆ ಎಲ್ಲ ಗೊತ್ತಾಗಿಹೋಗಿತ್ತು. ಗೊತ್ತಾಗದ ಹಾಗೆ ಇನ್ನೊಂದು ನಿಮಿಷ ಕೂತಿರುವುದಕ್ಕೆ ಅವನು ಏನು ಬೇಕಾದರೂ ಕೊಡುತ್ತಿದ್ದ.

ಅವರದು ನಾಲ್ಕು ಜನರ ಕಂಪನಿ. ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದರು. ಜನ ತಮ್ಮ ಫೋನ್ ನಂಬರ್ ಹಾಕಬೇಕು, ಆ ನಂಬರಿಗೊಂದು ಗುಟ್ಟಿನ ಅಂಕಿ ಬರುತ್ತದೆ, ಅದನ್ನು ಹಾಕಿದರೆ ಆ ನಂಬರು ಕೊಟ್ಟವರ ಹೆಸರುಗಳು ಬರುತ್ತವೆ, ಹೆಸರು ಒತ್ತಿದರೆ ಫಲಿತಾಂಶದ ಪಟ್ಟಿ. ಮೊದಮೊದಲು ಪುಟ ತೆರೆಯುವುದಕ್ಕೆ ಹನ್ನೆರಡು ಸೆಕೆಂಡ್ ಹಿಡಿಯುತ್ತಿತ್ತು. ಲ್ಯಾಬಿನ ದೊಡ್ಡವರು ಬೈದರು. ಹದಿಮೂರು ದಿನದ ಹಿಂದೆ ಮೆದೆರ್ ಸರ್ವರಿನಲ್ಲಿ ಒಂದು ಕಪಾಟು ಕಟ್ಟಿದ. ಒಮ್ಮೆ ಡೇಟಾಬೇಸಿನಿಂದ ತೆಗೆದು ಜೋಡಿಸಿದ ಪಟ್ಟಿಯನ್ನು ಆ ಕಪಾಟಿನ ಒಂದು ಖಾನೆಯಲ್ಲಿ ಇಟ್ಟುಕೊಳ್ಳುವುದು, ಒಂದು ದಿನದೊಳಗೆ ಮತ್ತೆ ಕೇಳಿದರೆ ಹೊಸದಾಗಿ ಜೋಡಿಸದೆ ಅದನ್ನೇ ಕೊಡುವುದು. ಹನ್ನೆರಡು ಸೆಕೆಂಡ್ ಅರ್ಧ ಸೆಕೆಂಡಿಗೆ ಇಳಿಯಿತು. ಎಲ್ಲರೂ ಬೆನ್ನು ತಟ್ಟಿದರು. ಖಾನೆಗೆ ಒಂದು ಚೀಟಿ ಬೇಕಲ್ಲ, ಯಾರ ಪಟ್ಟಿ ಇದು ಎಂದು. ಚೀಟಿಯ ಮೇಲೆ ಅವನು ಫೋನ್ ನಂಬರ್ ಬರೆದ. ನಂಬರ್ ಮಾತ್ರ. ಟೋಕ್‌ಮೊಕ್‌ನ ಹೆಂಗಸು ಒಂದೇ ಫೋನಿನಲ್ಲಿ ಮೊದಲು ಮಗುವಿನ ಹೆಸರು ಒತ್ತಿದ್ದಾಳೆ, ಆಮೇಲೆ ತಾಯಿಯದು. ಮೇಲೆ ಹೆಸರು ಹೊಸದಾಗಿ ಬಂದಿದೆ, ಸರಿಯಾಗಿಯೇ ಬಂದಿದೆ, ಅಜ್ಜಿಯ ಹೆಸರು. ಕೆಳಗಿನ ಪಟ್ಟಿ ಕಪಾಟಿನಿಂದ ಬಂದಿದೆ. ಮಗುವಿನ ರಕ್ತ.

ಹತ್ತು ನಿಮಿಷದಲ್ಲಿ ಸರಿ ಮಾಡಿದ. ಚೀಟಿಯ ಮೇಲೆ ನಂಬರಿನ ಜೊತೆಗೆ ರೋಗಿಯ ಕಾರ್ಡ್ ಸಂಖ್ಯೆಯನ್ನೂ ಬರೆಯುವಂತೆ ಒಂದು ಸಾಲು ತಿದ್ದಿದ, ಕಪಾಟು ಪೂರಾ ಖಾಲಿ ಮಾಡಿದ. ಒಂದು ಸಾಲು. ಅವನ ಮೇಜಿನ ಎದುರಿನ ಗೋಡೆಗೆ ಹಳದಿ ಚೀಟಿಗಳು ಅಂಟಿದ್ದವು, ಎಲ್ಲ ಅವನೇ ಬರೆದದ್ದು, ವಿಡಿಯೊಗಳನ್ನು ನೋಡಿ ನೋಡಿ ಕಲಿತದ್ದು: ಹೊರಗಿನಿಂದ ಬಂದ ಯಾವುದನ್ನೂ ನಂಬಬೇಡ. ಲಾಗಿನಲ್ಲಿ ಪಾಸ್‌ವರ್ಡ್ ಬರೆಯಬೇಡ. ಶುಕ್ರವಾರ ಹೊಸದನ್ನು ಸರ್ವರಿಗೆ ಹಾಕಬೇಡ. ಅಳಿಸುವ ಮುಂಚೆ ಯಾವುದನ್ನು ಅಳಿಸುತ್ತೀಯೆಂದು ಒಮ್ಮೆ ಓದು. ಇಟ್ಟುಕೊಂಡದ್ದಕ್ಕೆಲ್ಲ ಒಂದು ಕೊನೆಯ ದಿನ ಇರಲಿ. ಎಲ್ಲವನ್ನೂ ಪಾಲಿಸಿದ್ದ. ಹಾಕಿದ್ದು ಮಂಗಳವಾರ, ಕೊನೆಯ ದಿನವನ್ನೂ ಬರೆದಿದ್ದ. ಯಾವುದೋ ದೇಶದ ಯಾವುದೋ ಬಿಳಿ ಕೋಣೆಯಲ್ಲಿ ಕೂತ ಹುಡುಗ, ಹಿಂದೆ ಗಿಡ, ಪಕ್ಕದಲ್ಲಿ ಕಾಫಿ, ನಗುತ್ತ ಹೇಳಿದ್ದ: ಒಬ್ಬ ಮನುಷ್ಯನಿಗೆ ಒಂದೇ ಇರುವಂಥದನ್ನು ಆರಿಸಿಕೊಳ್ಳಿ, ಫೋನ್ ನಂಬರಿನಂಥದು. ಮೆದೆರ್ ವಿಡಿಯೊ ನಿಲ್ಲಿಸಿ ಅದನ್ನು ಬರೆದುಕೊಂಡಿದ್ದ. ಆ ನಗುವಿನ ಮೇಲೆ ಈಗ ಉಗಿಯಬೇಕೆನಿಸಿತು. ಆದರೆ ಉಗಿಯಬೇಕಾದ್ದು ಅಲ್ಲಲ್ಲ ಎಂಬುದೂ ಗೊತ್ತಿತ್ತು.

ಯಾಕೆಂದರೆ ಅವನು ಹುಟ್ಟಿದ ಮನೆಯಲ್ಲಿ ಹನ್ನೊಂದು ಜನರಿಗೆ ಒಂದು ನಂಬರ್. ಜುಮ್ಗಾಲ್ ಕಣಿವೆಯ ಆ ಹಳ್ಳಿಯಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಅಡುಗೆಮನೆಯ ಕಿಟಕಿಯ ಎಡಗಡೆ, ಗೋಡೆಯಲ್ಲಿ ಮೊಳೆ ಹೊಡೆದ ಜಾಗದಲ್ಲಿ ಮಾತ್ರ. ಅವನ ಅಮ್ಮ, ಆಪಾ, ಕುರಿಯುಣ್ಣೆಯ ಒಂದು ಚೀಲ ಹೊಲಿದಿದ್ದಳು, ಫೋನು ಆ ಚೀಲದೊಳಗೆ, ಚೀಲ ಆ ಮೊಳೆಯಲ್ಲಿ. ಯಾರಿಗೆ ಕರೆ ಬಂದರೂ ಅಪ್ಪ ತೆಗೆದು ಅಂಗಳಕ್ಕೆ ಕೂಗುತ್ತಿದ್ದ. ಪಕ್ಕದ ಮನೆಯ ಮುದುಕಿ ರಷ್ಯಾದಲ್ಲಿ ಟ್ಯಾಕ್ಸಿ ಓಡಿಸುವ ಮಗನ ಜೊತೆ ಅತ್ತದ್ದೂ ಅದೇ ಮೊಳೆಯ ಕೆಳಗೆ. ಇದನ್ನು ಅವನು ಮರೆತಿರಲಿಲ್ಲ. ಮರೆಯುವುದು ಬೇರೆ. ಇದು ತನ್ನದಲ್ಲ ಎಂಬ ಹಾಗೆ ಒರೆಸಿ ಹಾಕಿದ್ದ. ಹಾಗೆ ಒರೆಸಿದ ಮೇಲೇ ತಾನು ಈ ಕುರ್ಚಿಗೆ ಲಾಯಕ್ಕಾದವನು ಎಂದುಕೊಂಡಿದ್ದ. ಮೂವತ್ತು ವರ್ಷ ಹಳ್ಳಿ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು, ಈಗ ಇಲ್ಲಿ ಪುಟಗಳನ್ನು ಒತ್ತಿ ಒತ್ತಿ ಪರೀಕ್ಷಿಸುವ ಕೆಲಸದಲ್ಲಿದ್ದ ಬುರುಲ್ ಎಜೆ ಆ ಮಂಗಳವಾರವೇ ಕನ್ನಡಕ ಏರಿಸಿ ಕೇಳಿದ್ದಳಲ್ಲ. "ಅಲ್ವೋ, ಒಂದು ಮನೇಲಿ ಇಬ್ರಿಗೆ ಒಂದೇ ಫೋನ್ ಇದ್ರೆ?" ಅವನು ಏನೆಂದಿದ್ದ? "ಎಜೆ, ನೀವು ಯಾವ ಕಾಲದಲ್ಲಿದ್ದೀರಿ? ಈಗ ಕುರಿಗೂ ಒಂದೊಂದು ಫೋನಿದೆ." ಎಲ್ಲರೂ ನಕ್ಕಿದ್ದರು. ಎಲ್ಲರೂ ಬೈಕೆ, ಅಣ್ಣ, ಎಂದೇ ಕರೆಯುವ ಕಂಪನಿಯ ಯಜಮಾನ ತಾಲಾಯ್ ಬೈಕೆ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ತನ್ನ ಮಾತಿಗೆ ತಾಲಾಯ್ ಬೈಕೆ ನಕ್ಕನಲ್ಲ ಎಂದು ಮೆದೆರ್ ಆ ಸಂಜೆಯಿಡೀ ಒಳಗೊಳಗೇ ಬೀಗಿದ್ದ. ಎಜೆ ಮಾತ್ರ ಬ್ರೆಡ್ಡಿನ ಚೂರುಗಳನ್ನು ಅಂಗೈಗೆ ಬಳಿದುಕೊಂಡು ಸುಮ್ಮನೆ ಬಾಯಿಗೆ ಹಾಕಿಕೊಂಡಿದ್ದಳು.

ಈಗಲೂ ಅವಳು ನಾನು ಹೇಳಿರಲಿಲ್ಲವೇ ಎನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ಅವಳ ಮೇಲೆ ರೇಗಬಹುದಿತ್ತು. ಕುರ್ಚಿ ಎಳೆದುಕೊಂಡು ಅವನ ಪಕ್ಕ ಬಂದು ಕೂತಳು. "ಯಾರ್ಯಾರಿಗೆ ಯಾರ್ಯಾರದು ಹೋಗಿದೆ, ಗೊತ್ತಾಗುತ್ತಾ?" ಗೊತ್ತಾಗುತ್ತಿತ್ತು. ಅದೇ ಭಯ. ಸರ್ವರು ಪ್ರತಿ ಸಲ ಪುಟ ತೆರೆದದ್ದನ್ನು ಲಾಗಿನಲ್ಲಿ ಒಂದು ಸಾಲು ಬರೆದಿಡುತ್ತದೆ: ಹೊತ್ತು, ನಂಬರು, ಕಾರ್ಡು, ಪಟ್ಟಿ ಕಪಾಟಿನದೋ ಡೇಟಾಬೇಸಿನದೋ. ಹದಿಮೂರು ದಿನದ ಸಾಲುಗಳನ್ನು ಜರಡಿ ಹಿಡಿದ. ಬೇರೆಯವರ ಪಟ್ಟಿ ಕಂಡವರು ಇನ್ನೂರ ಹದಿಮೂರು ಜನ. ಅದರಲ್ಲಿ ಬಹುಪಾಲು ಜನರ ಪಟ್ಟಿ ಹೀಗಿದ್ದರೇನು ಹಾಗಿದ್ದರೇನು, ಎಲ್ಲ ಸರಿಯಾಗಿದ್ದವರಿಗೆ ಎಲ್ಲ ಸರಿಯಾಗಿದ್ದವರ ಪಟ್ಟಿ. ಒಂಬತ್ತು ಜನ ಮಾತ್ರ ಹಾಗಲ್ಲ. ಅವರ ರಕ್ತದಲ್ಲಿ ಕೆಂಪು ಅಕ್ಷರದ ಸಾಲಿತ್ತು, ಅವರಿಗೆ ಕಂಡದ್ದು ಬೇರೆಯವರ ಹಸಿರು ಸಾಲು. ಎಜೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತ ಹೋದಳು, ಹಳೆಯ ಟೀಚರ್ ದನಿಯಲ್ಲಿ, ಹೋಮ್‌ವರ್ಕ್ ಕೇಳುವ ಹಾಗೆ: "ಒಂದು ತಪ್ಪಾಗಿದೆಯಮ್ಮ, ಪುಟ ಇನ್ನೊಂದ್ಸಲ ತೆಗೆದು ನೋಡಿ. ನಾನು ಹಿಡ್ಕೊಂಡಿರ್ತೀನಿ." ಎಂಟು ಜನ ಸಿಕ್ಕರು. ಒಬ್ಬ ಬೈದ, ಒಬ್ಬಳು ಅತ್ತಳು. ಒಂಬತ್ತನೆಯ ನಂಬರು ಸ್ವಿಚ್ ಆಫ್.

ಬೇಗಿಮಾಯ್, ಇಪ್ಪತ್ತೆರಡು ವರ್ಷ. ರಕ್ತ ಕೊಟ್ಟದ್ದು ಜುಮ್ಗಾಲ್‌ನ ಚಾಯೆಕ್‌ನಲ್ಲಿ. ನಂಬರು ಮಾವ ಸಾತಾರ್‌ನದು. ಆ ನಂಬರಿನಡಿ ಏಳು ಹೆಸರು. ಮೂರು ದಿನದ ಹಿಂದೆ ಬೆಳಿಗ್ಗೆ ಎಂಟು ಹತ್ತಕ್ಕೆ ಸಾತಾರ್‌ನ ಪಟ್ಟಿ ತೆರೆದಿದೆ, ಎಂಟು ಹನ್ನೊಂದಕ್ಕೆ ಬೇಗಿಮಾಯ್‌ಳದು. ಮಾವನ ರಕ್ತ ಚೊಕ್ಕ. ಅವಳದರಲ್ಲಿ ಕುರಿ ದನಗಳಿಂದ ಬರುವ ಬ್ರುಸೆಲ್ಲಾ ಜ್ವರ ಇತ್ತು. ಪಕ್ಕದ ಸಾಲಿನಲ್ಲಿ ಲ್ಯಾಬಿನವರು ಬರೆದಿದ್ದರು, ಗರ್ಭಿಣಿ, ಐದನೇ ತಿಂಗಳು. ಎಜೆ ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. "ಈಗಲೇ ಗೊತ್ತಾದ್ರೆ ಮದ್ದಿದೆ. ಗೊತ್ತಾಗದೆ ಹಾಗೇ ಬಿಟ್ರೆ ಮಗು ನಿಲ್ಲದೇ ಹೋಗಬಹುದು. ನನ್ನ ತಂಗಿಗೆ ಹಾಗೇ ಆಯ್ತು." ಮೆದೆರ್ ನಂಬರನ್ನು ಮತ್ತೆ ಒತ್ತಿದ. ಮತ್ತೆ. ರಷ್ಯನ್ ಹೆಂಗಸಿನ ರೆಕಾರ್ಡು ದನಿ ಅದೇ ಮಾತನ್ನು ಹೇಳಿತು. ಫೋನ್ ಯಾಕೆ ಆಫ್ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಜೂನ್ ಮೊದಲ ವಾರ. ಜನ ಕುರಿಗಳನ್ನು ಹೊಡೆದುಕೊಂಡು ಮೇಲೆ ಹೋಗುವ ಕಾಲ, ಸೊಂಗ್-ಕೋಲ್ ಸರೋವರದ ಸುತ್ತಿನ ಹುಲ್ಲಿಗೆ, ಸಿಗ್ನಲ್ ಅಂದರೆ ಏನೆಂದೇ ತಿಳಿಯದ ಎತ್ತರಕ್ಕೆ. ಇಳಿಯುವುದು ಸೆಪ್ಟೆಂಬರಿನಲ್ಲಿ. ಹೋಗುವ ಮುಂಚೆ ಎಲ್ಲರೂ ರಕ್ತ ತೋರಿಸಿಕೊಂಡಿದ್ದಾರೆ, ಜಾಗರೂಕರು. ಮೇಲೆ ಹೆಸರು ನೋಡಿದ್ದಾರೆ, ತಮ್ಮ ಸೊಸೆಯದೇ ಹೆಸರು. ಕೆಳಗೆ ಹಸಿರು ನೋಡಿದ್ದಾರೆ. ನಿಶ್ಚಿಂತೆಯಿಂದ ಲಾರಿ ಹತ್ತಿದ್ದಾರೆ. ಮೊದಲೆಲ್ಲ ಇಂಥದು ಬಂದರೆ ಲ್ಯಾಬಿನ ನರ್ಸು ತಾನೇ ಫೋನ್ ಮಾಡಿ ಹೇಳುತ್ತಿದ್ದಳಂತೆ. ವೆಬ್‌ಸೈಟ್ ಬಂದ ಮೇಲೆ ಅದು ನಿಂತಿತು. ಇನ್ನು ನಿಮಗೆ ನರ್ಸ್ ಬೇಕಿಲ್ಲ ಎಂದು ಲ್ಯಾಬಿನವರ ಸಭೆಯಲ್ಲಿ ಎದ್ದು ನಿಂತು ಹೇಳಿದವನೂ ಅವನೇ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು.

ತಾಲಾಯ್ ಬೈಕೆ ಹನ್ನೊಂದಕ್ಕೆ ಬಂದ. ಕಾರಿನ ಕೀಲಿ ಬೆರಳಿಗೆ ಸುತ್ತುತ್ತ ಎಲ್ಲ ಕೇಳಿದ. "ಸರಿ ಮಾಡಿದ್ಯಾ?" "ಮಾಡ್ದೆ ಬೈಕೆ." "ಮತ್ತಿನ್ನೇನು. ಎಲ್ಲ ಸೈಟಲ್ಲೂ ಆಗುತ್ತೆ." ಆಮೇಲೆ ಎಜೆಯ ಕಡೆ ತಿರುಗಿದ. "ಎಜೆ, ಯಾರನ್ನ ಕೇಳಿ ಜನಕ್ಕೆ ಫೋನ್ ಮಾಡಿದ್ರಿ?" "ಮೂವತ್ತು ವರ್ಷ ತಪ್ಪು ಲೆಕ್ಕ ತಿದ್ದಿದೀನಿ ತಾಲಾಯ್, ಹೆಡ್‌ಮಾಸ್ತರನ್ನ ಕೇಳಿ ತಿದ್ದಿದ್ದಿಲ್ಲ." ಅವನು ನಕ್ಕ, ಹಲ್ಲು ಕಾಣದ ಹಾಗೆ. "ಇದು ಸ್ಕೂಲಲ್ಲ. ಈ ವಾರ ಲ್ಯಾಬಿನವರು ಹೊಸ ಒಪ್ಪಂದಕ್ಕೆ ಸಹಿ ಹಾಕ್ತಾರೆ. ಆಮೇಲೆ ನಾನೇ ಹೇಳ್ತೀನಿ, ನಿಧಾನಕ್ಕೆ." "ಆ ಹುಡುಗಿ?" "ಫೋನ್ ಆಫ್ ಮಾಡ್ಕೊಂಡು ಬೆಟ್ಟ ಹತ್ತಿದೋರಿಗೆ ನಾವೇನು ಮಾಡೋಣ?" ಹೊರಟವನು ಬಾಗಿಲಲ್ಲಿ ನಿಂತ. ದನಿ ಮೆತ್ತಗಾಯಿತು, ಮೆತ್ತಗಾದಾಗಲೇ ಆ ದನಿಗೆ ಮೆದೆರ್ ಹೆದರುತ್ತಿದ್ದ. "ಮೆದೆರ್, ಲಾಗು ಸುಮ್ನೆ ಜಾಗ ತಿಂತಿದೆ. ಸಂಜೆಯೊಳಗೆ ಕ್ಲೀನ್ ಮಾಡ್ಬಿಡು. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಕೇಸಾದ್ರೆ ಮೊದ್ಲು ಕೇಳೋದೇ ಬರೆದೋನ್ಯಾರು, ಎಷ್ಟು ಓದಿದಾನೆ ಅಂತ."

ಎಷ್ಟು ಓದಿದ್ದಾನೆ. ಒಂಬತ್ತನೇ ಕ್ಲಾಸು, ಅದೂ ಮುಗಿಸಿಲ್ಲ. ಕಂಪ್ಯೂಟರ್ ಪಾಠಕ್ಕೆ ಕಂಪ್ಯೂಟರೇ ಇಲ್ಲದ ಶಾಲೆ. ಮೇಷ್ಟ್ರು ರಟ್ಟಿನ ಮೇಲೆ ಕೀಬೋರ್ಡಿನ ಚಿತ್ರ ಬರೆದು ಅದರ ಮೇಲೆ ಬೆರಳಾಡಿಸುವುದನ್ನು ಕಲಿಸುತ್ತಿದ್ದರು. ಮೆದೆರ್ ಒಂದು ದಿನ ನಕ್ಕ, ಕೆನ್ನೆಗೆ ಬಿತ್ತು, ಚೀಲ ಎತ್ತಿಕೊಂಡು ಬಂದವನು ಮತ್ತೆ ಹೋಗಲಿಲ್ಲ. ಡಿಪ್ಲೊಮಾ ಇದ್ದವನು ತಪ್ಪು ಮಾಡಿದರೆ ಅದಕ್ಕೆ ಅನುಭವ ಎಂದು ಹೆಸರು, ತಾಲಾಯ್ ಬೈಕೆಗೆ ಅಂಥ ಅನುಭವ ಎಷ್ಟೋ ಇದೆ. ಇವನು ಮಾಡಿದರೆ ಇವನು ಮಾಡಿದ ಎಂದೇ. ಕೋಡಿನ ಪ್ರತಿ ಸಾಲಿನ ಪಕ್ಕದಲ್ಲಿ ಬರೆದವನ ಹೆಸರು, ತಾರೀಖು ಇರುತ್ತದೆ, ಅಳಿಸುವುದಕ್ಕಾಗುವುದಿಲ್ಲ. ಆ ಸಾಲಿನ ಪಕ್ಕ ಇವನ ಹೆಸರು ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಕೂತಿತ್ತು, ಹೊಕ್ಕಲ್ಲಿಂದ ಈಚೆಗೆ ಬಾರದ ಉಣ್ಣಿಯ ಹಾಗೆ. ಪೊಲೀಸು ಕೋಣೆಯೊಂದು ಕಣ್ಣ ಮುಂದೆ ಬಂತು, ಅದರೊಳಗೆ ಮೇಜು, ಮೇಜಿನಾಚೆ ಒಬ್ಬ, ಅವನು ಕೇಳುತ್ತಾನೆ: ಒಂದು ಮನೇಲಿ ಒಂದೇ ಫೋನ್ ಇರುತ್ತೆ ಅಂತ ನಿಂಗೆ ಗೊತ್ತಿರ್ಲಿಲ್ವೇನೋ? ಯಾವೂರೋ ನಿಂದು? ಮಾಂಸ ತುಂಬಿದ ಸಮ್ಸಾ ತಂದು ಎಜೆ ಎದುರಿಗಿಟ್ಟಿದ್ದಳು, ಕೊಬ್ಬು ತಣ್ಣಗಾಗಿ ಕಾಗದಕ್ಕೆ ಬಿಳಿಯಾಗಿ ಅಂಟಿಕೊಂಡಿತು. ಅವನು ಲಾಗಿನ ಕಡತದ ಮೇಲೆ ಬಾಣವನ್ನು ಇಟ್ಟ, ತೆಗೆದ, ಇಟ್ಟ. ಅಳಿಸಿದರೆ ಎಂಟು ಹನ್ನೊಂದು ಎಂಬ ಹೊತ್ತೇ ಲೋಕದಲ್ಲಿ ಇರಲಿಲ್ಲ ಎಂದಾಗುತ್ತದೆ. ಆಗ ಸೊಂಗ್-ಕೋಲ್‌ನಲ್ಲಿ ಏನಾದರೂ ಆದರೆ ಅದು ದೇವರು ಮಾಡಿದ್ದು. ಈ ಯೋಚನೆ ಎಷ್ಟು ಹಾಯಾಗಿತ್ತೆಂದರೆ ಅವನಿಗೆ ತನ್ನ ಮೇಲೆಯೇ ಹೆದರಿಕೆಯಾಯಿತು.

ಎಜೆ ಅವನ ಮುಖ ನೋಡದೆ ಹೇಳಿದಳು. "ನಿಮ್ಮೂರು ಅಲ್ಲೇ ಅಲ್ವಾ, ಚಾಯೆಕ್ ಹತ್ರ? ಮನೇಲಿ ಯಾರಾದ್ರೂ ಇರ್ತಾರಲ್ಲ." ಇರುತ್ತಾರೆ. ಎಂಟು ತಿಂಗಳಾಗಿತ್ತು ಅಪ್ಪನ ಜೊತೆ ಮಾತಾಡಿ. ಚಳಿಗಾಲಕ್ಕೆ ಮುಂಚೆ ಅಪ್ಪ ಬಾಡಿಗೆ ಕಾರಿನವನ ಕೈಯಲ್ಲಿ ಒಂದು ಚೀಲ ಕಳಿಸಿದ್ದ, ಒಣಗಿಸಿದ ಮೊಸರುಂಡೆ ಕುರುತ್, ಹೊಗೆ ಹಿಡಿಸಿದ ಮಾಂಸ. ಲ್ಯಾಬಿನ ದೊಡ್ಡವರು ಆಫೀಸಿಗೆ ಬಂದು ಕೂತಿದ್ದ ದಿನ. ಡ್ರೈವರು ಕೆಸರು ಬೂಟಿನಲ್ಲೇ ಒಳಗೆ ಬಂದು ಇಲ್ಲಿ ಮೆದೆರ್ ಯಾರಪ್ಪ ಎಂದ. ಕೋಣೆಯ ತುಂಬ ಕುರಿಯ ವಾಸನೆ. ಒಬ್ಬ ಹೆಂಗಸು ಮೂಗಿಗೆ ಕರ್ಚೀಫು ಹಿಡಿದಳು. ಮೆದೆರ್ ಪರದೆಯಿಂದ ಕಣ್ಣೆತ್ತದೆ ಹೇಳಿದ್ದ: ಇಲ್ಲಿ ಆ ಹೆಸರಿನವರು ಯಾರೂ ಇಲ್ಲ, ಬೇರೆ ಕಡೆ ಕೇಳಿ. ಡ್ರೈವರು ಒಂದು ಕ್ಷಣ ನಿಂತು ನೋಡಿದ. ಅದೇ ಕಣಿವೆಯವನು, ಅವನಿಗೆ ಮುಖ ಗೊತ್ತಿತ್ತು. ಚೀಲ ಹೊತ್ತುಕೊಂಡು ಮೆಟ್ಟಿಲಿಳಿದ. ಆ ಚೀಲ ಪರ್ವತ ದಾಟಿ ವಾಪಸು ಹೋಯಿತು. ಆಮೇಲೆ ಆಪಾ ಫೋನ್ ಮಾಡುತ್ತಾಳೆ, ಆತಾ, ಅಂದರೆ ಅಪ್ಪ, ಹೊರಗೆ ಹೋಗಿದ್ದಾರೆ ಎನ್ನುತ್ತಾಳೆ. ಪ್ರತಿ ಸಲವೂ ಹೊರಗೆ.

ಮೂರು ಗಂಟೆಗೆ ಮೆಟ್ಟಿಲಿಗೆ ಬಂದು ನಿಂತ. ಹೊಲಿಗೆ ಯಂತ್ರಗಳ ಸದ್ದು ಕಾಲಿನಿಂದ ಮೊಣಕಾಲಿಗೆ ಏರುತ್ತಿತ್ತು. ಹೆದ್ದಾರಿಗೆ ಹೋಗಿ ಕಾರು ಹಿಡಿಯಬಹುದು, ನಾಳೆ ತಲುಪಬಹುದು, ಅಲ್ಲಿಂದ ಮೇಲಕ್ಕೆ ಹೋಗುವುದಕ್ಕೆ ಕುದುರೆ ಬೇಕು, ಕುದುರೆ ಬೇಕಾದರೆ ಮತ್ತೆ ಅದೇ ಅಂಗಳಕ್ಕೆ ಹೋಗಬೇಕು. ಹೇಗೆ ತಿರುಗಿಸಿದರೂ ದಾರಿ ಆ ಮೊಳೆಯ ಹತ್ತಿರವೇ ಹೋಗಿ ನಿಲ್ಲುತ್ತಿತ್ತು. ನಂಬರು ಒತ್ತಿದ. ನೆನಪು ಮಾಡಿಕೊಳ್ಳಬೇಕಾಗಲಿಲ್ಲ, ಬೆರಳಿಗೆ ಗೊತ್ತಿತ್ತು.

"ಯಾರು?"

"ನಾನು, ಆತಾ."

"ನಾನು ಅಂದ್ರೆ?"

ದನಿಯಲ್ಲಿ ಸಿಟ್ಟಿರಲಿಲ್ಲ, ಅಪರಿಚಿತರನ್ನು ಕೇಳುವ ದನಿ. ಬೇಕೆಂದೇ ಕೇಳುತ್ತಿದ್ದಾನೆಂದು ಮೆದೆರ್‌ಗೆ ಗೊತ್ತಾಯಿತು. "ಮೆದೆರ್" ಎಂದ.

"ನಿನ್ನ ಆಪಾ ಹಾಲು ಕರೀತಿದ್ದಾಳೆ. ಕೂಗ್ಲಾ?"

"ಬೇಡ. ನಿಮ್ಮ ಹತ್ರಾನೇ ಮಾತಾಡ್ಬೇಕು." ಆ ಕಡೆ ಕಿಟಕಿಯ ಗಾಜಿಗೆ ನೊಣ ಬಡಿಯುವುದು ಕೇಳಿಸಿತು. "ಚಾಯೆಕ್ ಕಡೆಯ ಸಾತಾರ್ ಅಂತ, ಸೊಂಗ್-ಕೋಲ್‌ಗೆ ಹೋಗಿದ್ದಾರೆ. ಗೊತ್ತಾ?"

"ಮೊನ್ನೆ ನಮ್ಮ ಬಾಗಿಲ ಮುಂದೇನೇ ಹೋದ್ರು. ಸೊಸೇನ ಡ್ರೈವರ್ ಪಕ್ಕ ಕೂರ್ಸಿದ್ರು, ಬಸುರಿ ಅಂತ. ನಿನ್ನ ಆಪಾ ಬ್ರೆಡ್ ಕೊಟ್ಲು. ಯಾಕೆ?"

ಹೇಳಿದ. ಕಪಾಟು, ಚೀಟಿ ಯಾವುದನ್ನೂ ಹೇಳುವ ಅಗತ್ಯ ಬರಲಿಲ್ಲ. ಒಂದೇ ಫೋನಲ್ಲಿ ಮಾವಂದೂ ಸೊಸೇದೂ ನೋಡಿದ್ದಾರೆ, ಅವಳ ಹೆಸರಿನ ಕೆಳಗೆ ಮಾವನ ರಕ್ತ ತೋರಿಸಿದೆ ಎಂದದ್ದಕ್ಕೆ ಅಪ್ಪ ಹೂಂ ಎಂದ. ವಿಡಿಯೊದ ಹುಡುಗನಿಗೆ ಅರ್ಥ ಮಾಡಿಸುವುದಕ್ಕೆ ಎಷ್ಟು ಹೊತ್ತು ಬೇಕಾಗುತ್ತಿತ್ತೋ, ಅಪ್ಪನಿಗೆ ಮೊಳೆಯ ಕೆಳಗೆ ನಿಂತಲ್ಲೇ ಅರ್ಥವಾಯಿತು. "ಅವಳಿಗೆ ಬ್ರುಸೆಲ್ಲಾ ಇದೆ ಆತಾ. ಮದ್ದು ಶುರು ಮಾಡದಿದ್ರೆ ಮಗು..."

"ಗೊತ್ತು. ಕುರಿ ಕಾಯೋನಿಗೆ ಅದನ್ನ ಹೇಳ್ಕೊಡ್ಬೇಡ. ಬ್ರೆಡ್ ಲಾರಿ ನಾಳೆ ಮೇಲೆ ಹೋಗುತ್ತೆ. ಡ್ರೈವರ್ ಕಿವೀಗೆ ಹಾಕಿದ್ರೆ ಒಂದು ಯುರ್ತ್ ಡೇರೆಯಿಂದ ಇನ್ನೊಂದು ಯುರ್ತ್‌ಗೆ ಮುಟ್ಟುತ್ತೆ, ಬಾಯಿಂದ ಬಾಯಿಗೆ ಸುದ್ದಿ ಒಯ್ಯೋ ಉದ್ದ ಕಿವಿ ಇದೆಯಲ್ಲ."

"ಬೇಡ ಆತಾ. ಉದ್ದ ಕಿವಿಗೆ ಹಾಕಿದ್ರೆ ಅವಳಿಗೆ ಮುಟ್ಟೋ ಮುಂಚೆ ಸರೋವರದ ಸುತ್ತ ಎಲ್ಲರಿಗೂ ಮುಟ್ಟುತ್ತೆ. ಆಮೇಲೆ ಅವರ ಮನೆ ಹಾಲು ಯಾರೂ ಮುಟ್ಟಲ್ಲ. ಎಲ್ಲ ಅವಳ ತಲೆಗೇ ಕಟ್ತಾರೆ. ಅವಳೊಬ್ಬಳಿಗೇ ಹೇಳ್ಬೇಕು."

"ಅಲ್ಲಿ ಯಾರೂ ಒಬ್ಬೊಬ್ರೇ ಇರಲ್ವೋ. ಮರೆತ್ಬಿಟ್ಯಾ?"

ಮೆದೆರ್ ಗೋಡೆಗೆ ಒರಗಿದ. ಕೆಳಗಿನಿಂದ ಯಾರೋ ಮೆಟ್ಟಿಲು ಹತ್ತುತ್ತಿದ್ದರು, ಕೀಲಿ ಗೊಂಚಲಿನ ಸದ್ದು.

"ಅವಳಿಗೂ ಸಾತಾರ್‌ಗೂ ಮಾತ್ರ ಹೇಳ್ತೀನಿ" ಎಂದ ಅಪ್ಪ. "ಈಗ ಹೊರಟ್ರೆ ಕತ್ತಲಾಗೋ ಮುಂಚೆ ಕಣಿವೆ ದಾಟಬಹುದು. ಆದ್ರೆ ಸಾತಾರ್ ಯಾರು ಏನಂದ್ರೂ ಸುಮ್ನೆ ನಂಬೋನಲ್ಲ. ಕಣ್ಣಾರೆ ನೋಡಿದೀನಿ, ಸೊಸೆ ಹೆಸರೇ ಇತ್ತು ಅಂತಾನೆ. ನಿಂಗ್ಯಾರು ಹೇಳಿದ್ರು ಅಂತಾನೆ. ಏನ್ ಹೇಳ್ಲಿ?"

ಲ್ಯಾಬಿನವರು ಅಂತ ಹೇಳಿ. ಮಾತು ನಾಲಗೆಯ ತುದಿಗೆ ಬಂದಿತ್ತು, ನಯವಾಗಿ, ತಾಲಾಯ್ ಬೈಕೆಯ ದನಿಯಲ್ಲಿ. ಸಾತಾರ್‌ನ ಲಾರಿ, ಕಣಿವೆಯ ಅಂಗಡಿ, ಶಾಲೆ, ರಟ್ಟಿನ ಕೀಬೋರ್ಡಿನ ಮೇಷ್ಟ್ರು, ಚೀಲ ವಾಪಸು ಹೊತ್ತ ಡ್ರೈವರು, ಎಲ್ಲರೂ ಒಂದೇ ಮೊಳೆಯ ಕೆಳಗೆ ಗುಂಪುಗಟ್ಟಿ ನಿಂತು ಕಿವಿ ಕೊಟ್ಟು ಕೇಳುತ್ತಿದ್ದ ಹಾಗಾಯಿತು. ತಾಲಾಯ್ ಬೈಕೆ ಮೆಟ್ಟಿಲ ತಿರುವಿಗೆ ಬಂದು, ಇವನನ್ನು ಕಂಡು, ಅಲ್ಲೇ ನಿಂತ. ಹುಬ್ಬೇರಿಸಿದ: ಕ್ಲೀನ್ ಆಯ್ತಾ?

"ನಾನು ಮಾಡಿದ ತಪ್ಪು ಅಂತ ಹೇಳಿ."

"ನಾನು ಅಂದ್ರೆ?"

ಈ ಸಲದ ಪ್ರಶ್ನೆ ಬೇರೆಯಾಗಿತ್ತು. ಅಪ್ಪ ನಿಜಕ್ಕೂ ಕಾಯುತ್ತಿದ್ದ.

"ಮೆದೆರ್" ಎಂದ. ತಾಲಾಯ್ ಬೈಕೆಗೂ ಕೇಳಿಸುವಷ್ಟು ಜೋರಾಗಿ ಬಂತು, ಜೋರು ಮಾಡಬೇಕೆಂದಿರಲಿಲ್ಲ. "ನಿಮ್ಮ ಮಗ ಮೆದೆರ್ ಬರೆದದ್ದು, ಅವನೇ ತಪ್ಪು ಬರೆದದ್ದು. ಅವನೇ ಹೇಳಿದ ಅಂತ ಹೇಳಿ. ಬೇಕಿದ್ರೆ ದಾಖಲೆ ಇದೆ, ಎಷ್ಟು ಹೊತ್ತಿಗೆ ನೋಡಿದ್ರು ಅನ್ನೋದೂ ಇದೆ, ಅಳಿಸಿಲ್ಲ, ಇಟ್ಕೊಂಡಿದೀನಿ. ಎಂಟು ಹತ್ತಕ್ಕೆ ಸಾತಾರ್, ಎಂಟು ಹನ್ನೊಂದಕ್ಕೆ ಸೊಸೆ. ಅವರಿಗೂ ನೆನಪಿರುತ್ತೆ."

ಉಣ್ಣೆಯ ಸರಸರ ಸದ್ದು. ಅಪ್ಪ ಫೋನನ್ನು ಚೀಲಕ್ಕೆ ಇಳಿಬಿಟ್ಟು ಮೊಳೆಗೆ ಹಾಕಿದ. ಕಟ್ ಮಾಡುವುದನ್ನು ಅಪ್ಪ ಯಾವತ್ತೂ ಕಲಿತಿರಲಿಲ್ಲ, ಆ ಕಡೆಯವರು ಕಟ್ ಮಾಡಲಿ ಎಂದು ಬಿಡುತ್ತಿದ್ದ. ಮೆದೆರ್ ಕಟ್ ಮಾಡಲಿಲ್ಲ. ಉಣ್ಣೆಯೊಳಗಿಂದ ಮನೆ ಕೇಳಿಸಿತು. ಬಕೆಟ್ಟು ನೆಲಕ್ಕಿಟ್ಟದ್ದು. ಆಪಾಳ ದನಿ, ಈ ಹೊತ್ತಲ್ಲಿ ಎಲ್ಲಿಗೆ ಎಂದು. ಅಪ್ಪನ ಉತ್ತರ ತಿಳಿಯಲಿಲ್ಲ, ಅದರಲ್ಲಿ ತನ್ನ ಹೆಸರಿದ್ದದ್ದು ಮಾತ್ರ ತಿಳಿಯಿತು. ಜೀನು ಎತ್ತಿ ಹಾಕಿದ್ದು, ಗೇಟಿನ ಕಬ್ಬಿಣ, ಕಲ್ಲಿನ ಮೇಲೆ ಗೊರಸು. ತಾಲಾಯ್ ಬೈಕೆ ಎದುರಿಗೆ ನಿಂತು ಏನೋ ಹೇಳುತ್ತಿದ್ದ, ತುಟಿ ಅಲ್ಲಾಡುತ್ತಿತ್ತು. ಮೆದೆರ್ ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡ. ಗೊರಸು ದೂರವಾಯಿತು, ಇನ್ನೂ ದೂರವಾಯಿತು, ಆಮೇಲೆ ಗಾಜಿಗೆ ಬಡಿಯುವ ನೊಣ ಮಾತ್ರ ಉಳಿಯಿತು. ಅಪ್ಪ ಕಣಿವೆ ದಾಟಿದನೋ, ಸಾತಾರ್ ನಂಬಿದನೋ, ಆ ಹುಡುಗಿ ಕುದುರೆಯ ಮೇಲೆ ಅಪ್ಪನ ಹಿಂದೆ ಕೂತು ಇಳಿಯುವುದಕ್ಕೆ ಒಪ್ಪಿದಳೋ, ಯಾವುದೂ ನಾಳೆಯವರೆಗೆ ಗೊತ್ತಾಗುವುದಿಲ್ಲ. ಅವನು ಫೋನನ್ನು ಕಿವಿಗೆ ಹಿಡಿದೇ ನಿಂತಿದ್ದ.